ಮೂವರ ವೀಸಾ

ದುಬೈನ ಅಲ್ ಬರ್ಷಾದ ಆ ಕಚೇರಿಯಲ್ಲಿ ಎಸಿ ಜೋರಾಗಿತ್ತು. ಅಪ್ಪ ಆನ್ಸೆಲ್ಮನ ಪಕ್ಕ ಕೂತ ಒಂಬತ್ತರ ಡೆಬೊರಾ ತನ್ನ ಬಿಸ್ಕತ್ತು ಮುರಿದು ವೀಸಾ ಏಜೆಂಟ್ ರೇಮಂಡನಿಗೆ ಅರ್ಧ ಚಾಚಿದಳು. ಅವನು ನಕ್ಕು ತೆಗೆದುಕೊಂಡ, ತಿನ್ನಲಿಲ್ಲ. ರೇಮಂಡ್ ಕೆಟ್ಟವನೇನಲ್ಲ, ಕೆಟ್ಟ ಸುದ್ದಿಗೆ ಸಕ್ಕರೆ ಬೆರೆಸಿ ಕೊಡುವುದು ಅವನ ಕಸುಬು.

"ನೋಡಿ ಮಾರಾಯ್ರೆ, ನಿಮ್ಮ ಓದು, ಅನುಭವ ಎಲ್ಲ ಸರಿ ಉಂಟು. ಇವಳದ್ದೇ ಸಮಸ್ಯೆ. ಡೌನ್ ಸಿಂಡ್ರೋಮ್ ಅಂದ್ರೆ ನೀವು ವಲಸೆ ಹೋಗ್ಲಿಕ್ಕಿರುವ ದೇಶಕ್ಕೆ ಆಸ್ಪತ್ರೆ, ಶಾಲೆ ಅಂತ ಖರ್ಚು. ಒಬ್ಬಳಿಗೋಸ್ಕರ ನಿಮ್ಮ ಮನೆಯ ನಾಲ್ವರಿಗೂ ವೀಸಾ ಇಲ್ಲ ಅಂತಾರೆ."

ಮಗಳ ಎದುರೇ ಹೀಗೆ ಹೇಳುತ್ತಾನಲ್ಲ ಎಂದು ಆನ್ಸೆಲ್ಮನಿಗೆ ಮೈ ಉರಿಯಿತು. ಆದರೆ ಅವನು ದುಡಿಯುವ ಹೋಟೆಲ್ ಡಿಸೆಂಬರಿಗೆ ಮುಚ್ಚಲಿತ್ತು. ಕೆಲಸ ಹೋದರೆ ದುಬೈ ವೀಸಾವೂ ಹೋದಂತೆ.

"ಮೊದಲು ಇನ್ನೂ ಕಷ್ಟ ಇತ್ತು," ರೇಮಂಡ್ ಸಮಾಧಾನ ಹೇಳಿದ. "ನೂರು ವರ್ಷದ ಹಿಂದೆ ವಲಸೆ ಬಂದು ಹಡಗಿಂದ ಇಳಿದವರ ಕೋಟಿನ ಮೇಲೆ ಡಾಕ್ಟ್ರೇ ಸೀಮೆಸುಣ್ಣದಲ್ಲಿ ಗುರುತು ಹಾಕ್ತಿದ್ರು. ಬುದ್ಧಿ ಕಮ್ಮಿ, ರಕ್ತ ಸರಿ ಇಲ್ಲ, ನಮ್ಮ ಜನಾಂಗ ಕೆಡ್ತದೆ ಅಂತ ವಾಪಸ್ ಕಳಿಸ್ತಿದ್ರು. ಈಗ ಯಾರೂ ರಕ್ತದ ಮಾತು ಎತ್ತುವುದಿಲ್ಲ. ಬರೀ ಖರ್ಚು."

ಆಮೇಲೆ ದನಿ ತಗ್ಗಿಸಿ ದಾರಿ ತೋರಿಸಿದ. ಊರಲ್ಲಿ, ಬಜ್ಪೆಯಲ್ಲಿರುವ ಆನ್ಸೆಲ್ಮನ ಅಕ್ಕ ಕಾರ್ಮಿನ್‌ಗೆ ಮಗುವನ್ನು ದತ್ತು ಕೊಟ್ಟುಬಿಟ್ಟರೆ ಉಳಿದ ಮೂವರ ವೀಸಾ ಸಲೀಸು. ಆನ್ಸೆಲ್ಮ್ ಹೂಂ ಎಂಬಂತೆ ತಲೆಯಾಡಿಸಿದ. ಅಪ್ಪನನ್ನು ನೋಡಿ ಡೆಬೊರಾಳೂ ತಲೆಯಾಡಿಸಿದಳು.

ಮರುದಿನ ಮೊಂತಿ ಹಬ್ಬ, ಊರಿನ ಕ್ರೈಸ್ತರ ಹೊಸ ತೆನೆಯ ಹಬ್ಬ. ಕರಾಮದ ತಮ್ಮ ಫ್ಲ್ಯಾಟಿನಲ್ಲಿ ಹೆಂಡತಿ ಶಾರನ್ ಊರಿಂದ ಬಂದ ಹೊಸ ತೆನೆಯ ಕಾಳು ಸುಲಿದು ತೆಂಗಿನ ಹಾಲಿಗೆ ಹಾಕುತ್ತಿದ್ದಳು. ಮನೆಯ ಯಜಮಾನ ಅದನ್ನು ಎಲ್ಲರಿಗೂ ಹಂಚಿದ ಮೇಲೆಯೇ ಊಟ. ದೂರದಲ್ಲಿರುವವರ ಪಾಲಿನ ಕಾಳು ಲಕೋಟೆಯಲ್ಲಿ ಅಂಚೆಗೆ ಹೋಗುವುದು ವಾಡಿಕೆ. ಆನ್ಸೆಲ್ಮ್ ಅಡುಗೆಮನೆಯ ಬಾಗಿಲಲ್ಲಿ ನಿಂತು ರೇಮಂಡನ ಮಾತು ಹೇಳಿದ. ಮಗ ಶಾನ್‌ನ ಭವಿಷ್ಯವಾದರೂ ನೋಡಬೇಕಲ್ಲ ಎಂದ.

ಶಾರನ್ ಅಳಲಿಲ್ಲ, ಕೂಗಲಿಲ್ಲ. "ಮುಂದಿನ ವರ್ಷ ಇವಳ ಪಾಲನ್ನು ಅಂಚೆಯಲ್ಲಿ ಕಳಿಸ್ಬೇಕು, ಅಲ್ವಾ? ಲಕೋಟೆ ಮೇಲೆ ಯಾರ ಮಗಳು ಅಂತ ಬರೆಯುವುದು, ನೀವೇ ಹೇಳಿ."

ಸೋಫಾದಲ್ಲಿದ್ದ ಶಾನ್ ಫೋನಿನಿಂದ ತಲೆ ಎತ್ತಿದ. "ಐ ಆಮ್ ನಾಟ್ ಗೋಯಿಂಗ್, ಡ್ಯಾಡಿ."

ಆನ್ಸೆಲ್ಮನಿಗೆ ನಾಚಿಕೆಯಾಯಿತು, ನಾಚಿಕೆಗಿಂತ ಹೆಚ್ಚು ಹೆದರಿಕೆ. ಆದರೂ ರೇಮಂಡನಿಗೆ ಫೋನ್ ಮಾಡಿದ. "ನಾವು ನಾಲ್ವರು. ಆಗದಿದ್ರೆ ಖಲಾಸ್."

"ಸರಿ. ಡಿಸೆಂಬರ್ ಆದ ಮೇಲೆ ಎಲ್ಲಿಗೆ?" ರೇಮಂಡ್ ಮೆಲ್ಲಗೆ ಕೇಳಿದ.

ಆನ್ಸೆಲ್ಮ್ ಫೋನ್ ಕೆಳಗಿಟ್ಟು ಹೊಸ ಕಾಳಿನ ಹಾಲಿನ ಬಟ್ಟಲು ತೆಗೆದುಕೊಂಡ. ಪ್ರತಿ ವರ್ಷ ದೊಡ್ಡವರಿಂದ ಶುರು ಮಾಡುತ್ತಿದ್ದವನು ಈ ಸಲ ಮೊದಲ ಚಮಚವನ್ನು ಡೆಬೊರಾಳ ಬಾಯಿಗಿಟ್ಟ.