ನಾಲ್ಕು ಹೆಬ್ಬೆರಳು

ಅಫಜಲಪುರ ಇನ್ನೂ ಐದು ಮೈಲಿ ಇರುವಾಗ, ಒಂದು ದಿಣ್ಣೆಯ ನಡುವೆ ನಮ್ಮ ಬಸ್ಸಿನ ಕಸುವು ಮುಗಿಯಿತು. ಎರಡು ಸಲ ಸೀನಿತು, ಕಾರ್ಬೊರೇಟರಿನ ಬಾಯಿಂದ ಬೆಂಕಿಯ ಸಣ್ಣ ನಾಲಿಗೆಯೊಂದನ್ನು ಚಾಚಿತು, ಮೈಯೆಲ್ಲ ನಡುಗಿಸಿ ಹಿಂದಕ್ಕೆ ಜಾರತೊಡಗಿತು. ಲಾಡ್ಲೆಸಾಬ ಕಾಕಾ ಬ್ರೇಕು ತುಳಿದು ಹಿಡಿದರು. ನಾನು ಹಾರಿ ಇಳಿದು ಹಿಂದಿನ ಗಾಲಿಗಳಿಗೆ ಕಲ್ಲು ಕೊಟ್ಟೆ.

"ಏನಾತೋ ಹುಲೆಪ್ಪ?"

"ಮಿಸ್ ಹೊಡ್ಯಾಕತ್ತದ ಕಾಕಾ."

"ಅದು ನನಗೂ ಗೊತ್ತದ. ಆಳಂದ ಬಿಟ್ಟಾಗಿಂದ ಬಾಯಾಗಿನ ಹಲ್ಲು ಕುಣ್ಯಾಕತ್ಯಾವ. ಯಾಕ ಹೊಡ್ಯಾಕತ್ತದ, ಅದನ್ನ ಹೇಳು."

ಅದೇ ನನಗೆ ಗೊತ್ತಿರಲಿಲ್ಲ. ಗೊತ್ತಿರಬೇಕಾದವನು ನಾನೇ, ಏಕೆಂದರೆ ಆ ಎಂಜಿನನ್ನು ಕೂಡಿಸಿದವನು ನಾನು.

ಬಸ್ಸು ಕಾಕಾ ಅವರದು. ಹನ್ನೊಂದು ವರ್ಷದಿಂದ ಆಳಂದಕ್ಕೂ ಅಫಜಲಪುರಕ್ಕೂ ಅದನ್ನು ಅವರೇ ಓಡಿಸುತ್ತಿದ್ದರು; ನಾನು ಅವರ ಮಿಸ್ತ್ರಿ. ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಅದರ ಅಮೆರಿಕದ ಎಂಜಿನ್ ಸೀಳಿಹೋಯಿತು. ಎರಡನೆಯ ಮಹಾಯುದ್ಧದ ಮೂರನೆಯ ವರ್ಷ, ಬಿಡಿಭಾಗ ಎಲ್ಲಿಂದ ಬರಬೇಕು? ಸೊಲ್ಲಾಪುರದ ಬುರಾನುದ್ದೀನ ಉಸ್ತಾದರು ಹಳೆಯ ಲಾರಿಯೊಂದರ ವಿಲಾಯತಿ ಎಂಜಿನನ್ನು ಬಿಚ್ಚಿ, ತೊಳೆದು, ಓಡಿಸಿ ನೋಡಿ, ತಂತಿಗಳನ್ನು ಕಳಚಿ ಬಂಡಿಯಲ್ಲಿ ಕಳಿಸಿಕೊಟ್ಟರು. "ನೀ ಕೂಡಿಸ್ತೀಯೇನು, ಇಲ್ಲಾ ಉಸ್ತಾದರನ್ನ ಕರಸಲೇನು?" ಎಂದು ಕಾಕಾ ಕೇಳಿದಾಗ, ಕೂಡಿಸುತ್ತೇನೆ ಎಂದು ನನ್ನ ಬಾಯಿಂದ ಹೇಗೆ ಬಂತೋ ತಿಳಿಯದು. ಆರು ದಿನ ಹಿಡಿಯಿತು. ಒಂದೊಂದು ಬೋಲ್ಟನ್ನೂ ಮೂರು ಮೂರು ಸಲ ಬಿಗಿದು ನೋಡಿದ್ದೆ.

ಎಂಜಿನ್ ಬದಲಿಸಿದ ಗಾಡಿಯನ್ನು ಮೋಟಾರು ತನಿಖೆಯ ಸಾಹೇಬರು ನೋಡಿ ಒಪ್ಪಬೇಕಿತ್ತು. ಅವರು ಅಫಜಲಪುರದಲ್ಲಿ ಇರುವುದು ಆ ಒಂದೇ ದಿನ, ಸಂಜೆ ನಾಲ್ಕರವರೆಗೆ. ಗಾಡಿ ಮಂದಿಯನ್ನು ಹೊತ್ತು, ತನ್ನ ಬಲದಿಂದಲೇ ಬಂದು ನಿಲ್ಲಬೇಕು. ಅವರೆದುರು ಚಾಲೂ ಆಗಬೇಕು. ಇಲ್ಲವಾದರೆ ಪರವಾನಗಿ ರದ್ದು, ಬಸ್ಸು ಇನ್ನು ಆ ರಸ್ತೆಗೆ ಇಳಿಯುವಂತಿಲ್ಲ. ಅದಕ್ಕೇ ಕಾಕಾ ಅವತ್ತು ಹದಿನಾಲ್ಕು ಜನರನ್ನು ಬಿಟ್ಟಿಯಾಗಿ ಕೂಡಿಸಿಕೊಂಡು ಹೊರಟಿದ್ದರು. ಆಳಂದದಲ್ಲೇ ಎಂಜಿನ್ ನಡುಗುತ್ತಿತ್ತು. "ಹೊಸಾದದ ಕಾಕಾ, ನಾಕು ಮೈಲಿ ಓಡಿದ ಮ್ಯಾಲೆ ಹದಕ್ಕ ಬರ್ತದ" ಎಂದಿದ್ದೆ. ಆ ಮಾತನ್ನು ಹೇಳುವಾಗಲೇ ನಾನು ನಂಬಿರಲಿಲ್ಲ.

ಜನ ಒಬ್ಬೊಬ್ಬರೇ ಇಳಿದರು. ಕಿಣ್ಣಿ ಸುಲ್ತಾನದ ಮಲ್ಕಮ್ಮ ಸೊನ್ನದ ಮಗಳ ಮನೆಗೆ ಹೊರಟವಳು. ಬುತ್ತಿಯ ಗಂಟು ಕಂಕುಳಲ್ಲಿಟ್ಟುಕೊಂಡು ನನ್ನ ಮುಂದೆ ನಿಂತಳು.

"ಬಿಟ್ಟಿ ಕೂತಾರ ಅಂತ ನಡಸ್ಕೋತ ಒಯ್ತೀರೇನು?"

"ನನ್ನ ಎತ್ತಾಗಿದ್ರ ಈ ಹೊತ್ತಿಗಿ ಅಫಜಲಪುರ ಮುಟ್ಟಿ ಮೇವು ತಿಂತಿದ್ವು" ಎಂದ ಅಣ್ಣಾರಾಯ. ಅವನು ಒಕ್ಕಲಿಗ, ಮಾತಿಗೊಮ್ಮೆ ತನ್ನ ಎತ್ತುಗಳನ್ನು ತರುವವನು. "ಬೇಕಂದ್ರ ಆ ಹೊಲದಾಗಿನ ಜೋಡಿ ಕೇಳ್ತೇನಿ, ಕಟ್ಟಿ ಎಳಸೋಣು."

"ಎತ್ತಿಗಿ ಪರವಾನಗಿ ಕೊಡೂದಿಲ್ಲೋ ಮಾರಾಯ, ಎಂಜಿನ್ನಿಗಿ ಕೊಡ್ತಾರ" ಎಂದರು ಕಾಕಾ. ಜೇಬಿನ ಗಡಿಯಾರ ತೆಗೆದು ನೋಡಿದರು. ಒಂದೂ ಹತ್ತು.

ನಾನು ಬಾನೆಟ್ ಎತ್ತಿದೆ. ಮೊದಲು ಕಿಡಿ. ನಾಲ್ಕೂ ಪ್ಲಗ್ ಬಿಚ್ಚಿ, ಒಂದೊಂದನ್ನೇ ತಂತಿಗೆ ಸಿಕ್ಕಿಸಿ ಎಂಜಿನ್ನಿನ ತಲೆಯ ಮೇಲೆ ಮಲಗಿಸಿ, ಕಾಕಾ ಬಸ್ಸಿನ ಮುಂದೆ ನಿಂತು ಎಂಜಿನ್ ಸುತ್ತಿಸುವ ಹ್ಯಾಂಡಲ್ ತಿರುಗಿಸುವಾಗ ನೋಡಿದೆ. ನಾಲ್ಕರಲ್ಲೂ ನೀಲಿ ಕಿಡಿ, ಚಟಚಟ ಸದ್ದು. ಕಿಡಿ ಹುಟ್ಟಿಸುವ ಪಾಯಿಂಟುಗಳನ್ನು ಉಜ್ಜಿ, ಅವುಗಳ ಸಂದಿ ಅಳೆದೆ. ಸರಿ ಇತ್ತು. ನಂಬಿಕೆ ಬಾರದೆ ಮತ್ತೆ ಅಳೆದೆ. ಪೆಟ್ರೋಲನ್ನು ಪಂಜೆಯ ತುದಿಯಲ್ಲಿ ಸೋಸಿ ನೋಡಿದೆ. ನೀರಿಲ್ಲ, ಕಸವಿಲ್ಲ.

ಎಲ್ಲ ಕೂಡಿಸಿ ಚಾಲೂ ಮಾಡಿದೆವು. ಅದೇ ನಡುಕ, ಅದೇ ಸೀನು. ಎರಡೂ ಐದು.

ಒಣ ಕಡ್ಡಿಯೊಂದನ್ನು ಹಿಡಿದು, ಎಂಜಿನ್ ಓಡುತ್ತಿರುವಾಗಲೇ ಪ್ಲಗ್ಗಿನ ತಂತಿಗಳನ್ನು ಒಂದೊಂದಾಗಿ ಎಬ್ಬಿಸತೊಡಗಿದೆ. ಮೊದಲನೆಯದು ಎಬ್ಬಿಸಿದೆ: ಎಂಜಿನ್ ಸಾಯುವಂತಾಯಿತು. ಅಂದರೆ ಅದು ದುಡಿಯುತ್ತಿದೆ. ನಾಲ್ಕನೆಯದು: ಹಾಗೇ. ಎರಡನೆಯದನ್ನು ಎಬ್ಬಿಸಿದೆ: ಏನೂ ಆಗಲಿಲ್ಲ, ಸೀನು ಮಾತ್ರ ಅರ್ಧ ಕಡಿಮೆಯಾಯಿತು. ಅದನ್ನು ಹಾಗೇ ಬಿಟ್ಟು ಮೂರನೆಯದನ್ನೂ ಎಬ್ಬಿಸಿದೆ. ಸೀನು ಪೂರ್ತಿ ನಿಂತಿತು. ಎರಡೇ ಸಿಲಿಂಡರಿನ ಮೇಲೆ ಎಂಜಿನ್ ಮೊದಲಿಗಿಂತ ಮೆತ್ತಗೆ ಓಡಿತು.

ಕಡ್ಡಿ ಹಿಡಿದ ಕೈ ಅಲ್ಲೇ ನಿಂತಿತು. ಕಿಡಿ ಇಲ್ಲದಿರುವುದು ರೋಗವಲ್ಲ. ಎರಡು ಮತ್ತು ಮೂರರಲ್ಲಿ ಕಿಡಿ ಬರುತ್ತಿರುವುದೇ ರೋಗ. ಅದು ಬರಬಾರದ ಹೊತ್ತಿನಲ್ಲಿ ಬರುತ್ತಿದೆ.

ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ ಕಿಡಿ ಒಂದು, ಎರಡು, ಮೂರು, ನಾಲ್ಕು ಎಂದು ಸಾಲು ಹಿಡಿದು ಹೋಗುವುದಿಲ್ಲ. ಅದಕ್ಕೊಂದು ಸರದಿ ಇರುತ್ತದೆ, ಒಂದೊಂದು ಎಂಜಿನ್ನಿಗೆ ಒಂದೊಂದು. ಕಿಡಿ ಹಂಚುವ ಕರಿಯ ಬಟ್ಟಲಿನಿಂದ ನಾಲ್ಕು ತಂತಿಗಳು ಆ ಸರದಿಯಲ್ಲೇ ಪ್ಲಗ್ಗುಗಳಿಗೆ ಹೋಗಬೇಕು. ಈ ಎಂಜಿನ್ನಿನ ಸರದಿಯನ್ನು ಬುರಾನುದ್ದೀನ ಉಸ್ತಾದರು ಒಂದು ಚೀಟಿಯಲ್ಲಿ ಉರ್ದುವಿನಲ್ಲಿ ಬರೆದು ಕಳಿಸಿದ್ದರು. ಆ ಚೀಟಿಯನ್ನು ಓದಿದವನು ನಾನೇ. ಕಾಕಾಗೆ ಉರ್ದು ಮನೆಮಾತು, ಅಕ್ಷರ ಬಾರದು. ನನಗೆ ಆಳಂದದ ಖಾದರಸಾಬ ಮಾಸ್ತರರು ಸಂಜೆಯ ತರಗತಿಯಲ್ಲಿ ಕಲಿಸಿದ್ದರು. ಅಕ್ಷರ ಬಲದಿಂದ ಓದಬೇಕು, ಅಂಕಿ ಎಡದಿಂದ ಓದಬೇಕು ಎಂಬುದು ಅವರ ಮೊದಲ ಪಾಠ. ಹಾಗೆಯೇ ಓದಿದ್ದೆ: ಎರಡು, ನಾಲ್ಕು, ಮೂರು, ಒಂದು. ಸರದಿಯೆಂದರೆ ಬಳೆಯ ಹಾಗೆ, ಎಲ್ಲಿಂದ ಹಿಡಿದರೂ ಸುತ್ತು ಒಂದೇ. ಒಂದರಿಂದ ಹಿಡಿದರೆ ಒಂದು, ಎರಡು, ನಾಲ್ಕು, ಮೂರು. ನಮ್ಮ ಹಳೆಯ ಎಂಜಿನ್ನಿನ ಸರದಿಯೂ ಅದೇ ಆಗಿತ್ತು. ಅದನ್ನು ಕಂಡು ಎಷ್ಟು ಸಮಾಧಾನವಾಗಿತ್ತೆಂದರೆ, ಮೂರು ಸಲ ನೋಡುವ ನಾನು ಚೀಟಿಯನ್ನು ಒಂದೇ ಸಲ ನೋಡಿ ಜೇಬಿಗಿಟ್ಟಿದ್ದೆ.

"ಕಾಕಾ, ಸರದಿ ತಪ್ಪ್ಯಾದ ಅನಸ್ತದ."

"ಉಸ್ತಾದರು ಬರದದ್ದು ತಪ್ಪತದೇನೋ? ಇಪ್ಪತ್ತು ವರ್ಷದ ಕೈ ಅದು."

"ಎಂಜಿನ್ನಿಗೇ ಒಂದು ಮಾತು ಕೇಳೋಣು."

ನಾಲ್ಕೂ ಪ್ಲಗ್ ಬಿಚ್ಚಿದೆ. ಹ್ಯಾಂಡಲ್ ಮೆಲ್ಲಗೆ ತಿರುಗಿಸಿದರೆ, ಯಾವ ಸಿಲಿಂಡರಿನ ಸರದಿಯೋ ಅದರ ತೂತಿನಿಂದ ಗಾಳಿ ಜೋರಾಗಿ ಹೊರಗೆ ನುಗ್ಗುತ್ತದೆ. ತೂತಿನ ಮೇಲೆ ಹೆಬ್ಬೆರಳು ಇಟ್ಟರೆ ತಿಳಿಯುತ್ತದೆ. ಆದರೆ ತೂತು ನಾಲ್ಕು. ಒಂದರ ಹಿಂದೊಂದು ಹೇಗೆ ಬರುತ್ತವೆಂದು ಒಟ್ಟಿಗೇ ತಿಳಿಯಬೇಕು. ಮೊದಲನೆಯದಕ್ಕೆ ನಾನು ನಿಂತೆ.

"ಆಯಿ, ಬುತ್ತಿ ಕೆಳಗಿಟ್ಟು ಇಲ್ಲಿ ಬಾ. ಇದರ ಮ್ಯಾಲ ಹೆಬ್ಬೆಟ್ಟು ಒತ್ತು."

"ನಾ ಒಲ್ಲೆಪ್ಪ! ಕಡದ್ರ?"

"ಹಲ್ಲಿಲ್ಲ ಅದಕ್ಕ" ಎಂದ ಅಣ್ಣಾರಾಯ.

"ನಿನಗೂ ಇಲ್ಲ, ಆದ್ರೂ ಮಾತಿಗಿ ಕಡೀತೀ" ಎನ್ನುತ್ತ ಮಲ್ಕಮ್ಮ ಬಂದು ಎರಡನೆಯ ತೂತಿಗೆ ಹೆಬ್ಬೆರಳು ಇಟ್ಟಳು. ಅಣ್ಣಾರಾಯನನ್ನು ಮೂರನೆಯದಕ್ಕೆ ನಿಲ್ಲಿಸಿದೆ. ನಾಲ್ಕನೆಯದಕ್ಕೆ ಕುರಿ ಕಾಯುವ ಬೀರಣ್ಣ, ಹೆಗಲ ಮೇಲಿನ ಕಂಬಳಿಯನ್ನು ಹಿಂದೆ ಸರಿಸಿ, ಮಾತಿಲ್ಲದೆ ಬಂದು ನಿಂತ.

"ಒಳಗ ಎಳದ್ರ ಸುಮ್ನಿರ್ರಿ. ಹೊರಗ ದಬ್ಬಿದ್ರ ಮಾತ್ರ 'ನಂದು' ಅನ್ರಿ."

ಕಾಕಾ ಹ್ಯಾಂಡಲ್ ತಿರುಗಿಸಿದರು.

"ನಂದು!" ಎಂದೆ ನಾನು.

"ಅಯ್ಯಯ್ಯ, ನಂದು! ನಂದು!" ಎಂದಳು ಮಲ್ಕಮ್ಮ. ಅದೇ ಹೊತ್ತಿಗೆ ಅಣ್ಣಾರಾಯನೂ "ನಂದು" ಎಂದ.

"ಎಳೀತೋ ದಬ್ಬಿತೋ, ಆಯಿ?"

"ಎಳೀತು. ಕೂಸು ಮೊಲಿ ಚೀಪಿದಂಗ."

"ಎಳದ್ರ ಸುಮ್ನಿರಬೇಕು."

"ಹಂಗ ಎಳದ್ರ ಹ್ಯಾಂಗ ಸುಮ್ನಿರಬೇಕಪ್ಪ?"

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಎರಡೂ ಮೂವತ್ತು. ಮತ್ತೆ ಮೊದಲಿನಿಂದ ಶುರುಮಾಡಿದೆವು.

"ನಂದು." ನಾನು.

"ನಂದು!" ಅಣ್ಣಾರಾಯ.

"ಹೂಂ" ಎಂದ ಬೀರಣ್ಣ.

"ಈಗ ನಂದು! ದಬ್ಬಿತು ನೋಡು, ಖರೇನ ದಬ್ಬಿತು!" ಮಲ್ಕಮ್ಮ.

ಒಂದು, ಮೂರು, ನಾಲ್ಕು, ಎರಡು. ಮತ್ತೊಮ್ಮೆ ತಿರುಗಿಸಲು ಹೇಳಿದೆ. ನಂದು, ನಂದು, ಹೂಂ, ನಂದು. ಮೂರನೆಯ ಸಲ ಸುತ್ತ ನಿಂತ ಮಂದಿಯೂ ದನಿಗೂಡಿಸಿದರು. ಅದೇ ಸರದಿ. ಚೀಟಿ ಹೇಳಿದ್ದು ಒಂದು, ಎರಡು, ನಾಲ್ಕು, ಮೂರು. ಮಲ್ಕಮ್ಮನೂ ಅಣ್ಣಾರಾಯನೂ ಜಾಗ ಬದಲಿಸಿದ್ದರು, ಅಷ್ಟೇ ವ್ಯತ್ಯಾಸ.

ಕಾಕಾ ಬೆವರು ಒರೆಸಿಕೊಂಡು ನನ್ನನ್ನೇ ನೋಡಿದರು. "ಈಗೇನು? ಉಸ್ತಾದರ ಮಾತೋ, ಈ ಮುದುಕಿ ಮಾತೋ?"

ಉಸ್ತಾದರ ಹೆಸರಿಗೆ ಸೊಲ್ಲಾಪುರದಲ್ಲಿ ಮಿಸ್ತ್ರಿಗಳು ಕೈ ಮುಗಿಯುತ್ತಾರೆ. ನನ್ನ ತಿಳಿವಳಿಕೆಯೇ ತಪ್ಪಿದ್ದರೆ, ತಪ್ಪು ಹೊತ್ತಿನ ಕಿಡಿಗೆ ಹ್ಯಾಂಡಲ್ ಹಿಂದಕ್ಕೆ ಒದ್ದು ಹಿಡಿದವನ ಮಣಿಕಟ್ಟು ಮುರಿಯಬಹುದು.

"ಚೀಟಿ ಬರದದ್ದು ಸೊಲ್ಲಾಪುರದಾಗ, ಕಾಕಾ. ಎಂಜಿನ್ ಇಲ್ಲೇ ಅದ. ಹ್ಯಾಂಡಲ್ ನಾ ಹಿಡೀತೇನಿ, ನೀವು ಮ್ಯಾಲ ಕೂಡ್ರಿ."

ನಾಲ್ಕೂ ಪ್ಲಗ್ ಮತ್ತೆ ಕೂಡಿಸಿ, ಎರಡನೆಯ ಮತ್ತು ಮೂರನೆಯ ಪ್ಲಗ್ಗಿನ ತಂತಿಗಳನ್ನು ಅದಲುಬದಲು ಮಾಡಿದೆ. ಎರಡೇ ತಂತಿ. ಒಂದು ತಂತಿ ಎರಡು ಸಲ ಜಾರಿತು. ಮುಂದೆ ಹೋಗಿ, ಹೆಬ್ಬೆರಳನ್ನು ಉಳಿದ ಬೆರಳುಗಳ ಪಕ್ಕಕ್ಕೇ ಮಡಿಸಿ ಹ್ಯಾಂಡಲ್ ಹಿಡಿದು, ಕೆಳಗಿನಿಂದ ಮೇಲಕ್ಕೆ ಒಂದೇ ಸಲ ಎಳೆದೆ.

ಎಂಜಿನ್ ಸೀನಲಿಲ್ಲ. ಒಂದೇ ಎಳೆತಕ್ಕೆ ಎದ್ದು, ನಾಲ್ಕೂ ದನಿ ಕೂಡಿ ಒಂದಾಗಿ, ಹೊಲಿಗೆಯಂತ್ರದ ಹಾಗೆ ಸಮನಾಗಿ ಓಡತೊಡಗಿತು. ಪಕ್ಕದ ಜೋಳದ ಹೊಲದಿಂದ ಗುಬ್ಬಿಗಳ ಹಿಂಡು ಎದ್ದಿತು. ಕಾಕಾ ಪೆಟ್ರೋಲು ಒತ್ತಿದರು, ದನಿ ಏರಿತು. ಬಿಟ್ಟರು, ಇಳಿಯಿತು. ಮತ್ತೆ ಒತ್ತಿದರು. ಬಾಯಿ ತೆರೆದು ಏನೋ ಕೂಗುತ್ತಿದ್ದರು, ನನಗೆ ಕೇಳಿಸಲಿಲ್ಲ. ಅಣ್ಣಾರಾಯ ತಲೆಯ ರುಮಾಲು ಬಿಚ್ಚಿ ಗಾಳಿಯಲ್ಲಿ ಬೀಸುತ್ತಿದ್ದ. ನಾನು ಹ್ಯಾಂಡಲ್ ಹಿಡಿದುಕೊಂಡೇ ರಸ್ತೆಯ ಮೇಲೆ ಕುಳಿತುಬಿಟ್ಟೆ.

"ಉಸ್ತಾದರ ತಪ್ಪು ಹಿಡದಿ ಲೇ ಹುಲೆಪ್ಪ! ಬುರಾನುದ್ದೀನ ಉಸ್ತಾದರ ತಪ್ಪು!"

"ಆ ಚೀಟಿ ಇಲ್ಲಿ ಕೊಡ್ರಿ, ನೋಡೋಣ" ಎಂಬ ದನಿ ಬಸ್ಸಿನೊಳಗಿಂದ ಬಂತು. ಮುಂದಿನ ಸೀಟಿನಿಂದ ಇಳಿಯದೆ ಕುಳಿತಿದ್ದ ಬುರ್ಖಾದ ಹೆಂಗಸು. ವಜೀರುನ್ನಿಸಾ ಅಂತ, ಅಫಜಲಪುರದಲ್ಲಿ ಹೆಣ್ಣುಮಕ್ಕಳಿಗೆ ಉರ್ದು ಕಲಿಸುವ ಉಸ್ತಾನಿ. ಚೀಟಿ ಕೊಟ್ಟೆ. ಒಂದು ಗಳಿಗೆ ನೋಡಿ ಕೇಳಿದರು:

"ಇದನ್ನ ಯಾವ ಕಡಿಂದ ಓದಿದ್ರಿ?"

"ಎಡದಿಂದ್ರಿ, ಉಸ್ತಾನಿಯವರ. ಅಂಕಿ ಎಡದಿಂದಲ್ಲೇನ್ರಿ?"

"ಇಪ್ಪತ್ನಾಕು ಅಂತ ಒಂದೇ ಲೆಕ್ಕ ಇದ್ರ ಎಡದಿಂದ. ಇಲ್ಲಿ ಒಂದು ಲೆಕ್ಕ ಇಲ್ಲ, ನಾಕು ಬ್ಯಾರೆ ಬ್ಯಾರೆ ಮಾತು ಅದಾವ. ಮಾತು ಬಲದಿಂದ ಬರ್ತಾವ. ಏಕ್, ತೀನ್, ಚಾರ್, ದೋ."

ಒಂದು, ಮೂರು, ನಾಲ್ಕು, ಎರಡು. ಉಸ್ತಾದರು ಸರಿಯಾಗಿಯೇ ಬರೆದಿದ್ದರು. ಎಲ್ಲರಿಗೂ ಕೇಳುವಂತೆ ಹೇಳಿದೆ: "ತಪ್ಪು ನಂದ್ರಿ. ಚೀಟಿ ಸರಿ ಅದ, ನಾ ತಿರುವಿ ಓದೀನಿ."

"ತಿರುವಿ ಓದಿದ್ದು ನೀವೇ, ಸುದಾರಿಸಿದ್ದೂ ನೀವೇ" ಎಂದರು ಉಸ್ತಾನಿ. "ಚೀಟಿ ಕೇಳದೇ ಸುದಾರಿಸಿದ್ರಿ. ನಮ್ಮ ಹುಡಿಗೇರು ತಪ್ಪು ಬರದ್ರ ನನ್ನ ಮಾರಿ ನೋಡ್ಕೋತ ಕೂಡ್ತಾರ."

"ಹತ್ರಿ, ಹತ್ರಿ!" ಎಂದು ಕಾಕಾ ಹಾರ್ನ್ ಒತ್ತಿದರು. ಮೂರೂ ಐದು.

ಗಾಲಿಯ ಕಲ್ಲು ತೆಗೆದೆ. ಹದಿನಾಲ್ಕು ಜನರನ್ನು ಹೊತ್ತು ಬಸ್ಸು ಆ ದಿಣ್ಣೆಯನ್ನು ಎರಡನೆಯ ಗೇರಿನಲ್ಲೇ ಹತ್ತಿತು. ತುದಿ ಮುಟ್ಟಿದಾಗ ಒಳಗಿನವರೆಲ್ಲ ಒಂದೇ ಸಲ ಕೂಗಿದರು. ನಾನು ಫುಟ್‌ಬೋರ್ಡಿನ ಮೇಲೆ ನಿಂತು ಐದು ಮೈಲಿಯೂ ಎಂಜಿನ್ನಿಗೆ ಕಿವಿಗೊಟ್ಟೇ ಇದ್ದೆ.

"ಹುಲೆಪ್ಪ, ನಂದು ಛಲೋ ಓಡಾಕತ್ತದೇನೋ?" ಎಂದು ಮಲ್ಕಮ್ಮ ಒಳಗಿಂದ ಕೇಳಿದಳು.

"ನಿಂದೇ ಎಲ್ಲಕ್ಕಿಂತ ಛಲೋ ಅದ ಆಯಿ."

"ಸುಳ್ಳು" ಎಂದ ಬೀರಣ್ಣ. ಆ 'ಹೂಂ' ಬಿಟ್ಟರೆ ಅವತ್ತು ಅವನು ಆಡಿದ ಒಂದೇ ಒಂದು ಮಾತು.

ತನಿಖೆಯ ಸಾಹೇಬರು ಬೇವಿನ ಗಿಡದ ಕೆಳಗೆ ಕುರ್ಚಿ ಹಾಕಿಕೊಂಡಿದ್ದರು. ಕಾಗದಗಳನ್ನು ಆಗಲೇ ಕಟ್ಟುತ್ತಿದ್ದರು. ಬಸ್ಸು ನಿಂತ ಮೇಲೆ ಎದ್ದು ಬಂದು, ಇಳಿಯುವ ಜನರನ್ನು ಎಣಿಸಿದರು, ಬಾನೆಟ್ ಎತ್ತಿಸಿದರು.

"ಬಂದ್ ಕರೋ."

ಕಾಕಾ ಬಂದ್ ಮಾಡಿದರು. ನಾನು ಮುಂದೆ ಹೋಗಿ ಹ್ಯಾಂಡಲ್ ಹಿಡಿದೆ.

"ಚಾಲೂ ಕರೋ."

ಒಂದೇ ಎಳೆತ. ಚಾಲೂ. ಮತ್ತೆ ಬಂದ್ ಎಂದರು, ಮತ್ತೆ ಒಂದೇ ಎಳೆತ. ಮೂರನೆಯ ಸಲ ಹ್ಯಾಂಡಲ್ ಅರ್ಧ ಸುತ್ತು ಬರುವುದರೊಳಗೆ ಎದ್ದುಬಿಟ್ಟಿತು. ಸಾಹೇಬರು ಬಗ್ಗಿ ಒಂದು ನಿಮಿಷ ಕೇಳಿದರು.

"ಇದನ್ನ ಕೂಡಿಸಿದವರು ಯಾರು?"

"ನಮ್ಮ ಹುಲೆಪ್ಪ, ಸರ್ಕಾರ್" ಎಂದರು ಕಾಕಾ.

"ಸಾಹೇಬ್ರ, ಮೊದಲ ನಾನು ಸರದಿ ತಪ್ಪಿಸಿ..." ಎಂದು ನಾನು ಶುರುಮಾಡುವಷ್ಟರಲ್ಲಿ ಕಾಕಾ ನನ್ನ ಕಾಲ್ಬೆರಳನ್ನು ಚಪ್ಪಲಿಯಿಂದ ಗಟ್ಟಿಯಾಗಿ ತುಳಿದರು. ಸಾಹೇಬರು ನಕ್ಕರೋ ಇಲ್ಲವೋ, ಮೀಸೆಯಿಂದಾಗಿ ತಿಳಿಯಲಿಲ್ಲ. ಕಾಗದದ ಮೇಲೆ ಮೊಹರು ಮಾತ್ರ ದಪ್ಪನೆ ಬಿತ್ತು.

ಕಾಕಾ ಆ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು ಬಸ್ಸಿನ ಸುತ್ತ ಒಂದು ಸಲ ನಡೆದರು. ಆಮೇಲೆ ಒಳಗೆ ಕುಳಿತು, ಬಜಾರವೆಲ್ಲ ಕೇಳುವಂತೆ ಹಾರ್ನ್ ಒತ್ತುತ್ತ ಕೂಗಿದರು: "ಆಳಂದ! ಆಳಂದಾ! ಬರ್ರಿ, ಕೂಡ್ರಿ!" ಅವರು ಪ್ರತಿ ಸಂಜೆ ಕೂಗುತ್ತಿದ್ದ ಮಾತೇ ಅದು, ಎಂಜಿನ್ ಸೀಳಿದ ಮೇಲೆ ಅವತ್ತೇ ಮೊದಲ ಸಲ ಕೂಗಿದ್ದು. ಚೀಲ, ಬುಟ್ಟಿ, ಕೋಳಿ ಹಿಡಿದ ಜನ ಓಡಿ ಬಂದರು. ಬಸ್ಸು ತುಂಬಿತು. ಆ ಗದ್ದಲದಲ್ಲೇ ನಾನು ಮುಂದೆ ಹೋಗಿ ಹ್ಯಾಂಡಲ್ ಹಾಕಲು ಬಗ್ಗಿದೆ.

"ಏನ್ ಮಾಡಾಕತ್ತೀಯೋ ಹುಚ್ಚಾ?" ಎಂದು ಕಾಕಾ ಕಿಟಕಿಯಿಂದ ತಲೆ ಹಾಕಿದರು. "ಚಾಲೂನೇ ಅದ!"