ಬಿಳಿ ಕಾರ್ಡಿಗೂ ಅದೇ ಪರೀಕ್ಷೆ

ಬಟ್ಟೆ ಒಣಹಾಕಿ ಒಳಗೆ ಬಂದರೆ ದೊಡ್ಡವಳು ಕುರ್ಚಿ ಬಿಟ್ಟೆದ್ದು ಕುಣಿಯುತ್ತಿದ್ದಳು.

"ಅಮ್ಮಾ, ಕಳ್ಳರು ಸಿಕ್ಕಿಬಿದ್ರು!"

ಯಾರ ಮನೆಗೆ ನುಗ್ಗಿದರೋ ಎಂದು ಓಡಿ ಬಂದೆ. ನೋಡಿದರೆ ಗ್ರಾಫಿಕ್ಸ್ ಕಾರ್ಡಿನ ಸಮಾಚಾರ. ಕಂಪ್ಯೂಟರ್ ಪರದೆಯ ಮೇಲೆ ಆಟದ ಚಿತ್ರಗಳನ್ನು ಮೂಡಿಸುವ ಈ ಕಾರ್ಡುಗಳನ್ನು ಪರೀಕ್ಷಿಸಿ, ಯಾವುದನ್ನು ಕೊಳ್ಳಬಹುದು, ಯಾವುದು ಬೇಡ ಎಂದು ಒಂದು ಜಾಲತಾಣಕ್ಕೆ ಬರೆಯುವುದು ಅವಳ ಕೆಲಸ. ನಮ್ಮ ಊಟದ ಮೇಜಿನ ಮುಕ್ಕಾಲು ಪಾಲು ಅವಳ ಕಚೇರಿ. ಉಳಿದ ಕಾಲು ಪಾಲಿನಲ್ಲಿ ನಾವು ಮೂವರು ಮೊಣಕೈ ತಾಗಿಸಿಕೊಂಡು ಉಣ್ಣುತ್ತೇವೆ.

"ಈ ಕಪ್ಪು ಕಾರ್ಡು ನೋಡು. ವೇಗ ಅಳೆಯೋಕೆ ಎಲ್ಲರೂ ಬಳಸೋ ಪರೀಕ್ಷೆಯ ಪ್ರೋಗ್ರಾಂ ಓಡಿಸಿದ್ರೆ ನೂರ ಇಪ್ಪತ್ತು ಅಂಕ. ಅದೇ ಪ್ರೋಗ್ರಾಂಗೆ ಬೇರೆ ಹೆಸರಿಟ್ಟು ಓಡಿಸಿದೆ, ತೊಂಬತ್ತೆಂಟು!"

"ಹೆಸರು ಬದಲಾದ್ರೆ ಅಂಕ ಯಾಕೆ ಇಳಿಯುತ್ತೆ?"

"ಅದೇ ನೋಡು! ಕಾರ್ಡನ್ನ ನಡೆಸೋ ಡ್ರೈವರ್ ಅನ್ನೋ ತಂತ್ರಾಂಶ ಇದೆಯಲ್ಲ, ಅದು ಪರೀಕ್ಷೆ ಹೆಸರು ಕಂಡ ತಕ್ಷಣ ಚಿತ್ರದ ನಯ ಕಡಿಮೆ ಮಾಡಿ ಓಟ ಕೀಳುತ್ತೆ. ಗುರುತು ಸಿಗದಿದ್ರೆ ಎಂದಿನ ಹಾಗೇ ಇರುತ್ತೆ."

"ಅತ್ತೆ ಬಂದಾಗ ಮಾತ್ರ ನೀನು ಪಾತ್ರೆ ತೊಳೀತೀಯಲ್ಲ, ಹಾಗೆ," ಎಂದಳು ಚಿಕ್ಕವಳು, ಪುಸ್ತಕದಿಂದ ತಲೆ ಎತ್ತದೆ.

"ನೀನು ಸುಮ್ನಿರೇ ಚಿಲ್ಟು!"

ಲೇಖನ ಆಗಲೇ ಸಿದ್ಧವಾಗಿತ್ತು. 'ಕಪ್ಪು ಕಾರ್ಡಿನ ಕಳ್ಳಾಟ' ಎಂಬ ಶೀರ್ಷಿಕೆ. ಪ್ರಕಟಿಸುವ ಗುಂಡಿಯ ಮೇಲೆ ಬೆರಳು.

ನಾನು ನೆಲದ ಮೇಲಿನ ಕಾಲುಚೀಲ ಹೆಕ್ಕುತ್ತಾ ಕೇಳಿದೆ, "ಕಂಪನಿಯವರನ್ನ ಒಂದು ಮಾತು ಕೇಳಿದ್ಯಾ?"

"ಕೇಳಿದ್ರೆ ರಾತ್ರೋರಾತ್ರಿ ಹೊಸ ಡ್ರೈವರ್ ಬಿಟ್ಟು ಕೈ ತೊಳ್ಕೋತಾರೆ."

"ನಿನ್ನ ಹತ್ರ ಇರೋ ಹಳೇದು ಎಲ್ಲೂ ಓಡಿಹೋಗಲ್ಲವಲ್ಲ. ಸರಿ, ಬಿಳಿ ಕಾರ್ಡನ್ನೂ ಹೀಗೇ ನೋಡಿದ್ಯಾ?"

ಬಿಳಿ ಕಾರ್ಡು ಇನ್ನೊಂದು ಕಂಪನಿಯದು. ಕಳೆದ ತಿಂಗಳಷ್ಟೇ ಅದನ್ನು 'ಕಣ್ಣು ಮುಚ್ಚಿ ಕೊಳ್ಳಿ' ಎಂದು ಹೊಗಳಿ ಬರೆದಿದ್ದಳು.

"ಅದು ಒಳ್ಳೇದಮ್ಮ. ಅದನ್ಯಾಕೆ ನೋಡ್ಬೇಕು?"

"ಮನೇಲಿ ಇಬ್ಬರು ಮಕ್ಕಳು. ಒಬ್ಬಳ ಚೀಲ ಮಾತ್ರ ಹುಡುಕಿ, ಇನ್ನೊಬ್ಬಳು ಬಂಗಾರ ಅಂತ ಹೇಗೆ ಹೇಳ್ಲಿ?"

ಚಿಲ್ಟು ಸದ್ದಿಲ್ಲದೆ ತನ್ನ ಚೀಲವನ್ನು ಕಾಲಿನಿಂದ ಕುರ್ಚಿಯಡಿಗೆ ತಳ್ಳಿದಳು. ಅದನ್ನು ಆಮೇಲೆ ವಿಚಾರಿಸಿಕೊಂಡೆ.

ದೊಡ್ಡವಳು ಮುಖ ಸಿಂಡರಿಸಿಕೊಂಡೇ ಕಾರ್ಡು ಬದಲಿಸಿದಳು. ನಾನು ತರಕಾರಿ ಹೆಚ್ಚಲು ಕೂತೆ. ಮೂರು ಸಲ ಓಡಿಸಿದಳು. ಹಳೆಯ ಹೆಸರಿಗೆ ನೂರ ಹದಿನೈದು, ಹೊಸ ಹೆಸರಿಗೆ ನೂರ ಒಂದು. ಮೂರು ಸಲವೂ ಅಷ್ಟೇ.

ಕುಣಿತ ನಿಂತಿತು.

"ನನ್ನ ಮಾತು ನಂಬಿ ಎಷ್ಟು ಜನ ಕೊಂಡಿದ್ದಾರೋ ಅಮ್ಮ," ಎಂದಳು ಸಣ್ಣ ದನಿಯಲ್ಲಿ. "ಕಪ್ಪಿನದಷ್ಟೇ ಹಾಕಿದ್ರೆ ಯಾರಿಗೂ ಗೊತ್ತಾಗಲ್ಲ. ಎರಡೂ ಹಾಕಿದ್ರೆ, ಇನ್ಮುಂದೆ ನನ್ನ ಯಾರು ನಂಬ್ತಾರೆ?"

ಉತ್ತರ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ನುಂಗಿಕೊಂಡೆ. ಅವಳ ತಲೆ ಸವರಿ ಒಲೆಯ ಕಡೆ ಹೋದೆ.

ಸಾರು ಕುದಿಯುವ ಹೊತ್ತಿಗೆ ಕೀಲಿಮಣೆಯ ಸದ್ದು ಕೇಳಿಸಿತು. ಎರಡೂ ಕಂಪನಿಗಳಿಗೆ ಪತ್ರ ಬರೆಯುತ್ತಿದ್ದಳು: ಹೀಗೆ ಪರೀಕ್ಷಿಸಿದೆ, ಇಷ್ಟು ಅಂಕ ಬಂತು, ನೀವೂ ಮಾಡಿ ನೋಡಿ, ಒಂದು ವಾರದೊಳಗೆ ಉತ್ತರ ಕೊಡಿ.

ಕಪ್ಪಿನವರು ಅದು ವೇಗ ಹೆಚ್ಚಿಸುವ ಸೌಲಭ್ಯವೆಂದು ಎರಡು ಪುಟ ಬರೆದರು. ಬಿಳಿಯವರು ಉಸಿರೇ ಎತ್ತಲಿಲ್ಲ. ಎಂಟನೆಯ ದಿನ ಲೇಖನ ಹೊರಬಂತು. 'ಕಳ್ಳಾಟ' ಎಂಬ ಮಾತು ಎಲ್ಲೂ ಇರಲಿಲ್ಲ. ಎರಡೂ ಕಾರ್ಡಿನ ಅಂಕಗಳಿದ್ದವು, ಕಪ್ಪಿನವರ ಉತ್ತರ ಅಕ್ಷರ ಬಿಡದೆ ಇತ್ತು. ಮೊದಲ ಸಾಲು ಮಾತ್ರ ತನ್ನ ಬಗ್ಗೆಯೇ: 'ಬಿಳಿ ಕಾರ್ಡನ್ನು ಸರಿಯಾಗಿ ಪರೀಕ್ಷಿಸದೆ ಹೊಗಳಿದ್ದು ನನ್ನ ತಪ್ಪು.'

ಓದುಗರಲ್ಲಿ ಕೆಲವರು ಬೈದರು. ಒಬ್ಬ, 'ಬಿಳಿ ಕಾರ್ಡು ಕೊಂಡವನು ನಾನೇ. ಮುಂದಿನ ಸಲವೂ ನಿಮ್ಮನ್ನೇ ಕೇಳಿ ಕೊಳ್ಳುತ್ತೇನೆ' ಎಂದು ಬರೆದಿದ್ದ. ಅದನ್ನು ನನಗೆ ನಾಲ್ಕು ಸಲ ಓದಿ ಹೇಳಿದಳು.

ಅಂದು ಊಟವಾದ ಮೇಲೆ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಸದ್ದು. ಚಿಲ್ಟು ಬಾಗಿಲಲ್ಲಿ ಇಣುಕಿ, ಓಡಿ ಬಂದು ನನ್ನ ಕಿವಿಯಲ್ಲಿ ಕೇಳಿದಳು:

"ಅಮ್ಮಾ, ಅತ್ತೆ ಬಂದಿದ್ದಾರಾ?"

ಯಾರೂ ಬಂದಿರಲಿಲ್ಲ.