ಅಂಗೈಯಗಲದ ಕಡಲು

ಹಾರ್ಮೆನ್ ಕಳಿಸಿದ್ದ ಮೂರು ಚಿತ್ರಗಳೂ ಹೇಗ್ ನಗರದ ವಸಂತ ಪ್ರದರ್ಶನದಿಂದ ವಾಪಸ್ ಬಂದಿದ್ದವು. ಸತತ ಏಳನೇ ವರ್ಷವೂ ಅದೇ ಹಣೆಬರಹ. ಅವನ ಮುಖಕ್ಕೆ ಮಾತ್ರ ಒಳಗೆ ಜಾಗ ಸಿಕ್ಕಿತ್ತು: ಗೆಳೆಯ ಎವರ್ಟ್ ಬರೆದ ಅವನ ಭಾವಚಿತ್ರ ಪ್ರದರ್ಶನದ ಮುಖ್ಯ ಗೋಡೆಗೇ ಆಯ್ಕೆಯಾಗಿತ್ತು.

ಅದಕ್ಕಾಗಿ ಚಳಿಗಾಲವಿಡೀ ಹಾರ್ಮೆನ್ ಎವರ್ಟನ ಮುಂದೆ ಪೈಪ್ ಕಚ್ಚಿಕೊಂಡು ಕೂತಿದ್ದ. ಕೂಲಿ ಕೇಳಿರಲಿಲ್ಲ. ಕೇಳಿದ್ದು ಒಂದೇ: ಭಾವಚಿತ್ರದಲ್ಲಿ ತನ್ನ ಬೆನ್ನ ಹಿಂದೆ ಚಿತ್ರ ನಿಲ್ಲಿಸುವ ಒಂದು ಈಸೆಲ್ ಇರಲಿ, ಅದರ ಮೇಲಿನ ಪುಟ್ಟ ಚಿತ್ರವನ್ನು ತಾನೇ ಬರೆಯುತ್ತೇನೆ ಎಂದು.

"ಬರ್ಕೋ ಮಾರಾಯ, ಅಂಗೈಯಗಲ ಜಾಗ ತಾನೇ! ಅದಕ್ಯಾಕೆ ಇಷ್ಟು ಗೋಗರೀತೀಯ?" ಎಂದು ಎವರ್ಟ್ ನಕ್ಕಿದ್ದ.

ಹಾರ್ಮೆನ್ ಮೂರು ದಿನ ಉಸಿರು ಬಿಗಿಹಿಡಿದು ಬರೆದ. ಸ್ಖೇವನಿಂಗೆನ್ ತೀರದ ಬೂದು ಕಡಲು, ಮರಳ ಮೇಲೆ ಎಳೆದಿಟ್ಟ ಒಂದು ದೋಣಿ. ಅಂಥ ಕಡಲು ಅವನ ಕೈಯಿಂದ ಹಿಂದೆಂದೂ ಬಂದಿರಲಿಲ್ಲ.

"ಈ ಸಲ ನನ್ನದೂ ಗೋಡೆ ಮೇಲಿರತ್ತೆ ಕಣೇ," ಎಂದು ಮನೆಗೆ ಬಂದು ಹೆಂಡತಿ ನೇಲ್ಟ್ಯೆಗೆ ಹೇಳಿದ. "ನಿಮ್ಮಪ್ಪನ ದೋಣಿ ಬರ್ದಿದೀನಿ."

ಅವಳು ಮುಖ ತಿರುಗಿಸಿ ಕಣ್ಣೊರೆಸಿಕೊಂಡಳು. ಆ ದೋಣಿ ಅವಳಪ್ಪನನ್ನು ಕಡಲಿಗೆ ಕರೆದುಕೊಂಡು ಹೋಗಿ ಮತ್ತೆ ಬಂದಿರಲಿಲ್ಲ. ಹನ್ನೊಂದು ವರ್ಷದಿಂದ ಊರವರ ಅಂಗಿ ಒಗೆದು ಇಸ್ತ್ರಿ ಮಾಡಿ ಬಂದ ದುಡ್ಡನ್ನು ಅವಳು ಗಂಡನ ಬಣ್ಣಕ್ಕೆ ಸುರಿಯುತ್ತಿದ್ದಳು. ಭಾವಚಿತ್ರವನ್ನು ಪ್ರದರ್ಶನಕ್ಕೆ ಕಳಿಸುವ ಹಿಂದಿನ ವಾರ ಎವರ್ಟ್ ಬಂದು, ಹಿನ್ನೆಲೆ ಸ್ವಲ್ಪ ಉಳಿದಿದೆ, ಕಂದು ಬಣ್ಣ ಇದ್ದರೆ ಕೊಡಿ ಎಂದಾಗ ಹೊಸ ಟ್ಯೂಬನ್ನು ಅವಳೇ ಖುಷಿಯಿಂದ ತೆಗೆದುಕೊಟ್ಟಿದ್ದಳು.

ಪ್ರದರ್ಶನದ ಮೊದಲ ದಿನ ನೇಲ್ಟ್ಯೆ ಚರ್ಚಿಗೆ ಹೋಗುವ ಬಿಳಿ ಟೋಪಿ ಧರಿಸಿ ಬಂದಳು. ಭಾವಚಿತ್ರದ ಮುಂದೆ ಜನ ಮುಗಿಬಿದ್ದಿದ್ದರು. ಹಾರ್ಮೆನ್ ತನ್ನ ಮುಖ ನೋಡಿಕೊಳ್ಳಲಿಲ್ಲ, ನೇರ ಆ ಮುಖದ ಹಿಂದಿನ ಜಾಗ ನೋಡಿದ. ಅಲ್ಲಿ ಈಸೆಲ್ ಇರಲಿಲ್ಲ. ಬರೀ ಕಂದು ಕತ್ತಲು. ಕೆಳಗಿನ ಚೀಟಿಯಲ್ಲಿ 'ಪೈಪ್ ಸೇದುವವನು' ಎಂದಿತ್ತು.

ಎವರ್ಟ್ ಬಂದು ಹೆಗಲ ಮೇಲೆ ಕೈ ಹಾಕಿದ. "ಬೇಜಾರ್ ಮಾಡ್ಕೋಬೇಡ ಕಣೋ. ನಿನ್ನ ಕಡಲು ಕಣ್ಣನ್ನ ಆ ಕಡೆ ಎಳೀತಿತ್ತು, ಮುಚ್ಚಿಬಿಟ್ಟೆ. ನೀನೂ ಚಿತ್ರ ಬರೆಯೋನೇ ಅಲ್ವಾ, ನೀನೇ ಹೇಳು, ಈಗ ಚೆನ್ನಾಗಿಲ್ವಾ?"

ಹಾರ್ಮೆನನ ಮೈ ಉರಿದುಹೋಯಿತು. ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಆದರೆ ಹಾಳಾದ ಕಣ್ಣು ಸುಳ್ಳು ಹೇಳಲು ಒಪ್ಪಲಿಲ್ಲ. ಆ ಕತ್ತಲಿನಿಂದ ಅವನ ಮುಖ ಎದ್ದು ಬಂದಿತ್ತು, ಏಳು ವರ್ಷದ ಸೋಲುಗಳಲ್ಲಿ ಒಂದನ್ನೂ ಬಿಡದೆ ಹೊತ್ತು.

"ಚೆನ್ನಾಗಿದೆ," ಎಂದ.

ಎವರ್ಟ್ ಅಭಿನಂದನೆ ಸ್ವೀಕರಿಸಲು ಅತ್ತ ಹೋದ. ನೇಲ್ಟ್ಯೆ ಚಿತ್ರದ ಹತ್ತಿರ ಬಗ್ಗಿ ಹುಡುಕುತ್ತಿದ್ದಳು. "ಅಪ್ಪನ ದೋಣಿ ಎಲ್ರೀ?"

"ಆ ಕಂದು ಬಣ್ಣದ ಅಡೀಲಿದೆ."

ಬಟ್ಟೆ ಒಗೆಯುವ ಅವಳ ಒರಟು ಹೆಬ್ಬೆರಳು ತಾನಾಗಿ ಆ ಜಾಗದತ್ತ ಮೇಲೆದ್ದಿತು. "ಉಜ್ಜಿದ್ರೆ ಹೋಗತ್ತಾ?"

"ಹೋಗಲ್ಲ ಕಣೇ," ಎಂದ ಹಾರ್ಮೆನ್. "ಒಳ್ಳೇ ಬಣ್ಣ ಅದು. ನಮ್ಮ ಮನೇದೇ."